ತೋಟದ ಪುಸ್ತಕವೂ ಕಂಪನಿಯ ಜವಾಬ್ದಾರಿ ವರದಿಯೂ



ಕಳೆದ ಸರ್ವಸದಸ್ಯರ ಸಭೆಯಲ್ಲಿ ಪ್ರತಿಯೊಂದು ತೋಟಕ್ಕೂ ಒಂದು ದಾಖಲೆ ಪುಸ್ತಕ ಇಡಬೇಕೆಂಬ ಸಲಹೆ ಚರ್ಚೆಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಅಲ್ಲ ಮಾರಾಯ್ರೆ, ಕೊಳ್ಳುವವರಿಗೆ ಬೇಕಾದ್ದು ಕಾಫಿ ಬೀಜವೋ, ನಮ್ಮ ಮನೆಯ ಪುರಾಣವೋ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಅವರು ಕೇಳಿದ್ದರಲ್ಲಿ ಹುರುಳಿತ್ತು. ಸಲಹೆಯನ್ನು ಮುಂದಿನ ಸಭೆಗೆ ಬಿಡಲಾಗಿದೆ. ಅಲ್ಲಿ ಕೈ ಎತ್ತುವ ಮೊದಲು ಈ ಪುಸ್ತಕವನ್ನು ಕೇಳುತ್ತಿರುವವರು ಯಾರು, ಏಕೆ ಕೇಳುತ್ತಿದ್ದಾರೆ, ಅದರಿಂದ ದುಡ್ಡು ಯಾರ ಕೈ ಸೇರುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ ಎಂದು ಈ ಅಭ್ಯಾಸ ಲೇಖನವನ್ನು ಬರೆದಿದ್ದೇನೆ.

ಮೊದಲು ಕಂಪನಿಗಳ ಕಡೆಯಿಂದ ನೋಡೋಣ. ಜಮಾ ಖರ್ಚು ತಿಳಿಸುವ ವಾರ್ಷಿಕ ವರದಿ ಹಳೆಯ ಪದ್ಧತಿ. ಅದರ ಜೊತೆಗೆ ನೀರು, ಕಾಡು, ಗಾಳಿ, ಕೂಲಿಗಾರರು, ಸುತ್ತಲಿನ ಊರು ಇವುಗಳ ವಿಷಯದಲ್ಲಿ ತಾನು ಹೇಗೆ ನಡೆದುಕೊಂಡೆ ಎಂದು ಕಂಪನಿಯು ಲೆಕ್ಕ ಒಪ್ಪಿಸುವುದಕ್ಕೆ ಜವಾಬ್ದಾರಿ ವರದಿ ಅಥವಾ ಸುಸ್ಥಿರತಾ ವರದಿ ಎನ್ನುತ್ತಾರೆ. ನಮ್ಮ ದೇಶಕ್ಕೆ ಇದು ತೀರ ಹೊಸದೇನಲ್ಲ. ಜೆಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಂಪನಿ 1980ರ ಸುಮಾರಿಗೇ ಹೊರಗಿನವರ ಸಮಿತಿಯೊಂದರಿಂದ ತನ್ನ ಸಾಮಾಜಿಕ ಲೆಕ್ಕ ತಪಾಸಣೆ ಮಾಡಿಸಿಕೊಂಡಿತ್ತು. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲದ ಹಡಗು ಅಲಾಸ್ಕಾದ ಕರಾವಳಿಯಲ್ಲಿ ಬಂಡೆಗೆ ಬಡಿದು ಸಮುದ್ರಕ್ಕೆ ಎಣ್ಣೆ ಹರಿದ ಮೇಲೆ, ಅಮೆರಿಕದಲ್ಲಿ ಷೇರು ಹಣ ಹೂಡಿದವರು ಇಂಥ ಲೆಕ್ಕವನ್ನು ಗಟ್ಟಿಯಾಗಿ ಕೇಳತೊಡಗಿದರು. 1997ರಲ್ಲಿ ಬೋಸ್ಟನ್ನಿನಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್ ಎಂಬ ಸಂಸ್ಥೆ ಹುಟ್ಟಿ, 2000ದಲ್ಲಿ ವರದಿಯ ಮೊದಲ ನಮೂನೆ ಹೊರತಂದಿತು. ನಮ್ಮ ಷೇರುಪೇಟೆಯ ಮೇಲ್ವಿಚಾರಕ ಸಂಸ್ಥೆ ಸೆಬಿ 2012ರಲ್ಲಿ ದೊಡ್ಡ 100 ಕಂಪನಿಗಳಿಗೆ ಇದನ್ನು ವಿಧಿಸಿತು. 2021ರಲ್ಲಿ ನಮೂನೆಯನ್ನು ಬದಲಿಸಿ, 2022-23ರಿಂದ ಅಗ್ರ 1000 ಕಂಪನಿಗಳಿಗೆ ಕಡ್ಡಾಯ ಮಾಡಿತು.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ಶಾಲೆಗೆ ಬೆಂಚು ಕೊಡುವುದು, ಆಸ್ಪತ್ರೆಗೆ ವ್ಯಾನು ಕೊಡುವುದು ಬೇರೆ. ಅದು 2013ರ ಕಂಪನಿ ಕಾಯಿದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡುವ ಬಾಬತ್ತು. ನಾನು ಹೇಳುತ್ತಿರುವುದು ಲಾಭ ಬಂದ ಮೇಲೆ ಅದನ್ನು ಹಂಚುವ ವಿಷಯವಲ್ಲ, ಲಾಭ ಬಂದ ರೀತಿಯ ವಿಷಯ. ಹಳ್ಳಕ್ಕೆ ಕೊಳಕು ನೀರು ಬಿಟ್ಟು, ಅದೇ ಹಳ್ಳದ ದಡದ ದೇವಸ್ಥಾನಕ್ಕೆ ಗಂಟೆ ಕಟ್ಟಿಸಿದರೆ ಒಂದು ಇನ್ನೊಂದಕ್ಕೆ ವಜಾ ಆಗುವುದಿಲ್ಲ.

ಇನ್ನು ಕಂಪನಿಯ ವರದಿ ನಮ್ಮ ತೋಟದ ಬೇಲಿಗೆ ಏಕೆ ಬಂದು ನಿಂತಿತು? ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಪೂಮಾ ಎಂಬ ಜರ್ಮನಿಯ ಬೂಟಿನ ಕಂಪನಿ, ತನ್ನ ವ್ಯವಹಾರದಿಂದ ನೀರಿಗೆ, ಗಾಳಿಗೆ, ಭೂಮಿಗೆ ಆದ ನಷ್ಟವನ್ನು ಹಣದಲ್ಲಿ ಲೆಕ್ಕಹಾಕಿ 2011ರಲ್ಲಿ ಪ್ರಕಟಿಸಿತು. 2010ರ ಸಾಲಿಗೆ ಬಂದ ಮೊತ್ತ ಸುಮಾರು 14.5 ಕೋಟಿ ಯೂರೋ. ಇದರಲ್ಲಿ ಕಂಪನಿಯ ಸ್ವಂತ ಕಛೇರಿ, ಉಗ್ರಾಣ, ಅಂಗಡಿಗಳ ಪಾಲು ಶೇಕಡಾ 6 ಮಾತ್ರ. ಅರ್ಧಕ್ಕಿಂತ ಹೆಚ್ಚು, ಅಂದರೆ ಶೇಕಡಾ 57ರಷ್ಟು, ದನ ಸಾಕುವ, ಹತ್ತಿ ಮತ್ತು ರಬ್ಬರ್ ಬೆಳೆಯುವ ಮೊದಲ ಹಂತದಲ್ಲಿಯೇ ಇತ್ತು. ತನ್ನ ಕಛೇರಿಯ ದೀಪ ಆರಿಸಿದರೆ ಏನೂ ಆಗದು, ಕಚ್ಚಾ ಮಾಲು ಬರುವ ಜಾಗದಲ್ಲಿ ನೋಡಬೇಕು ಎಂಬುದು ಆ ಕಂಪನಿಗೆ ಲೆಕ್ಕ ಹಾಕಿದ ಮೇಲೆ ಅಂಕಿಯಲ್ಲಿ ಕಂಡಿತು. ಕಾಫಿಯದೂ ಇದೇ ಜಾತಕ. ಬೀಜ ಹುರಿದು ಪೊಟ್ಟಣ ಕಟ್ಟುವ ಕಂಪನಿಯ ಬಳಿ ಗಿಡವೂ ಇಲ್ಲ, ನೆರಳಿನ ಮರವೂ ಇಲ್ಲ, ಹಳ್ಳವೂ ಇಲ್ಲ. ಅದರ ವರದಿಯಲ್ಲಿ ತುಂಬಬೇಕಾದ ಸಂಗತಿಗಳು ನಮ್ಮ ಕಣದಲ್ಲಿ, ನಮ್ಮ ಪಲ್ಪರ್ ಮನೆಯಲ್ಲಿ, ನಮ್ಮ ಲೈನ್ ಮನೆಗಳಲ್ಲಿ ಇವೆ.

ಆದುದರಿಂದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕೊಳ್ಳುವವರಿಗೆ ಬೀಜವೂ ಬೇಕು, ಪುರಾಣವೂ ಬೇಕು. ಈಗ ನಾವು ಬೀಜವನ್ನು ಮಾರುತ್ತಿದ್ದೇವೆ, ಪುರಾಣವನ್ನು ಪುಕ್ಕಟೆ ಕೊಡುತ್ತಿದ್ದೇವೆ, ಇಲ್ಲವೇ ಕೊಡಲಾಗದೆ ಬೆಲೆ ಕಳೆದುಕೊಳ್ಳುತ್ತಿದ್ದೇವೆ.

ಕಳೆದುಕೊಂಡ ಒಂದು ಸಂಗತಿಯನ್ನು ಹಳೆಯ ಸದಸ್ಯರು ಮರೆತಿರಲಾರರು. 2020ರಲ್ಲಿ ಐರೋಪ್ಯ ಒಕ್ಕೂಟವು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಕ್ಕೆ ತನ್ನಲ್ಲಿ ಅನುಮತಿ ಮುಂದುವರಿಸಲಿಲ್ಲ. ಆಮದಾಗುವ ಪದಾರ್ಥಗಳಲ್ಲಿ ಅದರ ಉಳಿಕೆಯ ಮಿತಿಯನ್ನೂ ತೀರ ಕೆಳಕ್ಕೆ ಇಳಿಸಿತು. ರೊಬಸ್ಟಾಕ್ಕೆ ಹಿಟ್ಟು ತಿಗಣೆ ಬಂದಾಗ ನಮ್ಮಲ್ಲಿ ಎಲ್ಲರೂ ಅಂಗಡಿಗೆ ಹೋಗಿ ತರುತ್ತಿದ್ದುದು ಅದನ್ನೇ. ಮುಂದಿನ ಹಂಗಾಮಿನಲ್ಲಿ ಸಂಘದಿಂದ ಇಪ್ಪತ್ತೇಳು ಸದಸ್ಯರ ರೊಬಸ್ಟಾ ಚೆರಿಯನ್ನು ಒಟ್ಟುಮಾಡಿ ಒಂದೇ ಲಾಟಾಗಿ ಕೊಟ್ಟೆವು. ಕೊಂಡವರು ಮಾದರಿ ಪರೀಕ್ಷೆ ಮಾಡಿಸಿ, ಉಳಿಕೆ ಕಂಡಿದೆ, ಯಾವ ತೋಟದ ಮಾಲು ಎಂದು ಕೇಳಿದರು. ಕಾರ್ಯದರ್ಶಿಯಾಗಿ ನನ್ನ ಬಳಿ ಇದ್ದುದು ತೂಕದ ಚೀಟಿ ಮಾತ್ರ. ಯಾರು ಏನು ಹೊಡೆದರು, ಯಾವಾಗ ಹೊಡೆದರು ಎಂಬುದಕ್ಕೆ ಒಂದು ಸಾಲಿನ ಬರವಣಿಗೆಯೂ ಇರಲಿಲ್ಲ. ಒಬ್ಬೊಬ್ಬರನ್ನೇ ಕೇಳಿದರೆ ಎಲ್ಲರೂ "ನಾನಲ್ಲ" ಎಂದರು. ಹಾಗೆ ಹೇಳಿದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಒಪ್ಪಿಕೊಂಡವನಿಗೆ ಏನಾಗುತ್ತದೆಂದು ನಾವು ಮೊದಲೇ ಹೇಳಿರಲಿಲ್ಲ. ಕೊನೆಗೆ ಇಡೀ ಲಾಟು ಮಾಮೂಲಿ ಮಾರುಕಟ್ಟೆ ದರಕ್ಕೆ ಹೋಯಿತು. ಒಪ್ಪಂದದ ಹೆಚ್ಚುವರಿ ಹಣ ಇಪ್ಪತ್ತೇಳು ಮನೆಗಳಿಗೂ ತಪ್ಪಿತು.

ಆಮೇಲೆ ಸಿಂಪರಣೆಯ ಒಂದು ಪುಟದ ಚೀಟಿಯನ್ನು ಮಾತ್ರ ಆರಂಭಿಸಿದೆವು. ತಾರೀಖು, ಔಷಧದ ಹೆಸರು, ಎಷ್ಟು, ಯಾವ ಬ್ಲಾಕಿಗೆ. ನಿಜ ಬರೆದವರಿಗೆ ದಂಡವಿಲ್ಲ, ಅವರ ಮಾಲನ್ನು ಬೇರೆ ಇಟ್ಟು ಮಾಮೂಲಿ ದರಕ್ಕೆ ಕೊಂಡುಕೊಳ್ಳುತ್ತೇವೆ ಎಂದು ಆಡಳಿತ ಮಂಡಳಿ ಠರಾವು ಮಾಡಿತು. ಎರಡು ಹಂಗಾಮು ಕಳೆದ ಮೇಲೆ ಒಬ್ಬ ಸದಸ್ಯರು, ಹೆಸರು ಬೇಡ, ತಾವು ಅದೇ ಔಷಧ ಹೊಡೆದದ್ದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ತಂದುಕೊಟ್ಟರು. ಅವರ ಹನ್ನೊಂದು ಚೀಲವನ್ನು ಗೋದಾಮಿನಲ್ಲಿ ಬೇರೆ ಇರಿಸಿದೆವು. ಉಳಿದ ಲಾಟು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಹನ್ನೊಂದು ಚೀಲದ ಮಾಲೀಕರಿಗೆ ಸ್ವಲ್ಪ ಕಡಿಮೆ ಸಿಕ್ಕಿತು, ಉಳಿದವರಿಗೆಲ್ಲ ಪೂರ್ತಿ ಸಿಕ್ಕಿತು. ವರದಿಗೆ ಬೆಲೆ ಬರುವುದು ಹೇಗೆಂದು ನನಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಹನ್ನೊಂದು ಚೀಲದಿಂದ. ಚೆನ್ನಾಗಿ ಕಾಣುವ ಸಂಗತಿಯನ್ನು ಬರೆದದ್ದರಿಂದ ಲಾಟು ಉಳಿಯಲಿಲ್ಲ, ಕೆಟ್ಟದ್ದನ್ನು ಬರೆದದ್ದರಿಂದ ಉಳಿಯಿತು.

ದೊಡ್ಡವರ ಲೋಕದಲ್ಲಿ ಇದಕ್ಕೆ ತಿರುಗುಮುರುಗಾದ ಕಥೆಯೂ ನಡೆದಿದೆ. ಫೋಕ್ಸ್‌ವ್ಯಾಗನ್ ಮೋಟಾರು ಕಂಪನಿಯನ್ನು 2015ರ ಸೆಪ್ಟೆಂಬರ್‌ನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕದವರು ತನ್ನ ಉದ್ಯಮದಲ್ಲೇ ಮುಂಚೂಣಿ ಎಂದು ಸಾರಿದರು. ಕೆಲವೇ ದಿನಗಳಲ್ಲಿ, ಡೀಸೆಲ್ ಕಾರುಗಳ ಹೊಗೆ ತಪಾಸಣೆಯನ್ನು ವಂಚಿಸಲು ಯಂತ್ರದೊಳಗೇ ಉಪಾಯ ಇಟ್ಟಿದ್ದುದು ಅಮೆರಿಕದಲ್ಲಿ ಬಯಲಾಯಿತು. ಕಂಪನಿಯನ್ನು ಸೂಚ್ಯಂಕದಿಂದ ತೆಗೆದುಹಾಕಿದರು. ದಂಡ, ಪರಿಹಾರಗಳ ಮೊತ್ತ ಸಾವಿರಾರು ಕೋಟಿ ಯೂರೋಗಳಿಗೆ ಮುಟ್ಟಿತು. ವರದಿಯ ಕಾಗದ ನುಣುಪಾಗಿದ್ದರೆ ಸಾಲದು.

ಹಾಗಾದರೆ ಎಲ್ಲವನ್ನೂ ಬರೆಯಬೇಕೆ? ಬೇಡ. ಇದು ಸದಸ್ಯರಿಗೆ ಮುಖ್ಯವಾದ ಮಾತು, ಏಕೆಂದರೆ ಕೊಳ್ಳುವವರ ಕಡೆಯಿಂದ ಬರುವ ಪ್ರಶ್ನಾವಳಿಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ಖಾನ್, ಸೆರಫೀಮ್ ಮತ್ತು ಯೂನ್ ಎಂಬ ಮೂವರು ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕದ ಕಂಪನಿಗಳನ್ನು ಎರಡು ಬಗೆಯಾಗಿ ನೋಡಿದರು. ತಮ್ಮ ಕಸುಬಿಗೆ ನಿಜವಾಗಿ ತಗಲುವ ವಿಷಯಗಳಲ್ಲಿ ಚೆನ್ನಾಗಿ ನಡೆದುಕೊಂಡ ಕಂಪನಿಗಳ ಷೇರುಗಳು ಮುಂದಿನ ವರ್ಷಗಳಲ್ಲಿ ಇತರರದಕ್ಕಿಂತ ಹೆಚ್ಚು ಗಳಿಸಿದವು. ಕಸುಬಿಗೆ ಸಂಬಂಧವಿಲ್ಲದ ವಿಷಯಗಳಲ್ಲಿ ಅಂಕ ಗಳಿಸಿದವರಿಗೆ ಅಂಥ ಲಾಭವೇನೂ ಕಾಣಲಿಲ್ಲ. ಬ್ಯಾಂಕಿಗೆ ಸಾಲ ಕೊಡುವ ರೀತಿ ಮುಖ್ಯ, ಸಿಮೆಂಟ್ ಕಾರ್ಖಾನೆಗೆ ಹೊಗೆ ಮುಖ್ಯ. ಕಾಫಿ ತೋಟಕ್ಕೆ? ನನ್ನ ಎಣಿಕೆಯಲ್ಲಿ ನಾಲ್ಕೇ ವಿಷಯ: ನೀರು, ಔಷಧ, ಮರ ಮತ್ತು ಜಾಗ, ಕೆಲಸದವರು. ಉಳಿದ ಕಾಲಂಗಳನ್ನು ಖಾಲಿ ಬಿಟ್ಟರೂ ನಾನು ಬೇಸರಿಸುವುದಿಲ್ಲ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ಅರೇಬಿಕಾ ಪಾರ್ಚ್‌ಮೆಂಟ್ ಮಾಡುವವರಿಗೆ ಗೊತ್ತು, ಪಲ್ಪರ್‌ನಿಂದ, ಹುದುಗಿಸುವ ತೊಟ್ಟಿಯಿಂದ ಬರುವ ಸಿಹಿ-ಹುಳಿ ನೀರು ಹಳ್ಳಕ್ಕೆ ಸೇರಿದರೆ ಅಲ್ಲಿನ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯುತ್ತದೆ, ನೀರು ನಾರುತ್ತದೆ. ಕೆಳಗಿನ ಊರಿನವರು ಅದೇ ನೀರಿಗೆ ದನ ಬಿಡುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸು ಬಂದರೆ ಹಂಗಾಮಿನ ನಡುವೆ ಪಲ್ಪರ್ ನಿಲ್ಲಿಸಬೇಕು. ಇಷ್ಟು ಎಲ್ಲರೂ ಬಲ್ಲರು. ಆದರೆ ಒಂದು ಕ್ವಿಂಟಾಲ್ ಹಣ್ಣಿಗೆ ನಾನು ಎಷ್ಟು ನೀರು ಬಳಸುತ್ತೇನೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲವರು ಎಷ್ಟು ಮಂದಿ? ನಾನು ಹೇಳಲಾರದವನಾಗಿದ್ದೆ. ಮೂರು ವರ್ಷದ ಹಿಂದೆ ಪ್ರಶ್ನಾವಳಿ ತುಂಬಲೇಬೇಕಾಗಿ ಬಂದಾಗ, 200 ಲೀಟರಿನ ಡ್ರಮ್ಮನ್ನು ಕೊಳವೆಯ ಬಾಯಿಗೆ ಇಟ್ಟು, ಗಡಿಯಾರ ಹಿಡಿದು ನಿಂತೆ. ಅಳೆದು ನೋಡಿದರೆ, ಪಲ್ಪರ್ ನಿಂತಿರುವ ಹೊತ್ತಿನಲ್ಲೂ ಮೇಲಿನ ತೊಟ್ಟಿ ತುಂಬಿ ತುಳುಕುತ್ತಿತ್ತು. ಎಷ್ಟೋ ವರ್ಷದಿಂದ ಹಾಗೇ ತುಳುಕಿರಬೇಕು. ಆ ನೀರನ್ನು ಕೆರೆಯಿಂದ ಎತ್ತಿದ್ದು ನನ್ನ ಡೀಸೆಲ್ಲು. ತೇಲುಗುಂಡಿನ ವಾಲ್ವ್ ಹಾಕಿಸಿದೆ, ತೊಳೆದ ನೀರನ್ನೇ ಮತ್ತೆ ಪಲ್ಪರ್‌ಗೆ ತಿರುಗಿಸಿದೆ. ಮೋಟಾರು ಓಡುವ ಹೊತ್ತು ಕಡಿಮೆಯಾಯಿತು, ಕೊಳಕು ನೀರಿನ ಹೊಂಡವೂ ಮೊದಲಿನಂತೆ ಬೇಗ ತುಂಬುವುದಿಲ್ಲ. ಪ್ರಶ್ನಾವಳಿ ಕಳಿಸಿದವರು ನನ್ನ ಉತ್ತರವನ್ನು ಓದಿದರೋ ಇಲ್ಲವೋ ದೇವರೇ ಬಲ್ಲ. ಡೀಸೆಲ್ ಉಳಿದದ್ದಂತೂ ನನಗೇ.

ಈಗ ಜಾಗದ ವಿಷಯ. ಇದು ನುಂಗಲು ಕಷ್ಟವಾದದ್ದು. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ 2023ರಲ್ಲಿ ಬಂದಿತು. ಕಾಫಿ, ಕೋಕೋ, ರಬ್ಬರ್, ಎಣ್ಣೆತಾಳೆ, ಸೋಯಾ, ದನ, ಮರ ಇವು ಏಳು ಅದರ ವ್ಯಾಪ್ತಿಯಲ್ಲಿವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಮಾಲು ಅಲ್ಲಿಗೆ ಹೋಗಕೂಡದು. ಬೆಳೆದ ದೇಶದ ಕಾನೂನಿಗೆ ವಿರುದ್ಧವಾಗಿ ಬೆಳೆದದ್ದೂ ಹೋಗಕೂಡದು. ಅದಕ್ಕಾಗಿ ಪ್ರತಿ ತೋಟದ ಅಕ್ಷಾಂಶ ರೇಖಾಂಶವನ್ನು ಆರು ದಶಮಾಂಶ ಸ್ಥಾನದವರೆಗೆ ಕೊಡಬೇಕು. 4 ಹೆಕ್ಟೇರ್, ಅಂದರೆ ಹತ್ತಿರ ಹತ್ತು ಎಕರೆವರೆಗಿನ ತುಂಡಿಗೆ ಒಂದು ಬಿಂದು ಸಾಕು. ಅದಕ್ಕೆ ಮೇಲ್ಪಟ್ಟರೆ ಗಡಿಯ ಸುತ್ತ ಗುರುತು ಬೇಕು. ಮೊದಲು 2024ರ ಡಿಸೆಂಬರ್‌ನಿಂದ ಎಂದಿದ್ದ ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶವನ್ನು ಕಡಿಮೆ ಅಪಾಯದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇದರಿಂದ ತಪಾಸಣೆ ಹಗುರವಾಗುತ್ತದೆಯೇ ಹೊರತು, ತೋಟದ ಗುರುತು ಕೊಡುವುದು ತಪ್ಪುವುದಿಲ್ಲ. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಕೊಳ್ಳುವವರಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ ಮುಂದಿನ ಸಾಲಿನಲ್ಲಿವೆ ಎಂಬುದನ್ನು ಗಮನದಲ್ಲಿಟ್ಟರೆ ವಿಷಯದ ತೂಕ ತಿಳಿಯುತ್ತದೆ.

ನೆರಳಿನ ಕೆಳಗೆ ಕಾಫಿ ಬೆಳೆಯುವ ನಮಗೆ ಇದು ವಾಸ್ತವವಾಗಿ ಅನುಕೂಲ. ಅಜ್ಜ ಬಿಟ್ಟ ನಂದಿ, ಹಲಸು, ಅತ್ತಿ ಮರಗಳು ಇನ್ನೂ ನಿಂತಿವೆ. ಬೇರೆ ದೇಶಗಳ ಬಯಲು ತೋಟದವರಿಗೆ ಇಲ್ಲದ ಸಾಕ್ಷಿ ನಮ್ಮ ತಲೆಯ ಮೇಲೇ ಇದೆ. ಆದರೆ ಸಾಕ್ಷಿ ಬರವಣಿಗೆಯಲ್ಲಿ ಇಲ್ಲದಿದ್ದರೆ, ಉಪಗ್ರಹದ ಚಿತ್ರ ನೋಡುವವನಿಗೆ ಮರದಡಿಯ ಕಾಫಿಯೂ ಕಾಡೂ ಒಂದೇ ರೀತಿ ಕಾಣಬಹುದು. ಅದೂ ಅಲ್ಲದೆ ಅನೇಕ ಸದಸ್ಯರ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರು ಬಾಯಿಮಾತಿನ ಪಾಲಿನಲ್ಲಿದ್ದಾರೆ. ಕೆಲವರ ತೋಟದ ಅಂಚು ಕಂದಾಯ ಭೂಮಿಯೋ ಅರಣ್ಯವೋ ಎಂಬ ತಕರಾರು ಕಛೇರಿಗಳಲ್ಲಿ ಕೊಳೆಯುತ್ತಿದೆ. ಬಿಂದು ಕೊಟ್ಟರೆ ನಾಳೆ ಅದೇ ಬಿಂದುವನ್ನು ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಎಂಬ ಭಯ ಸುಳ್ಳಲ್ಲ. ಈ ಭಯ ಇಟ್ಟುಕೊಂಡವರನ್ನು ಹಿಂದುಳಿದವರು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದಲೇ ಪುಸ್ತಕ ಯಾರದು ಎಂಬ ಪ್ರಶ್ನೆ ಮೊದಲು ತೀರ್ಮಾನವಾಗಬೇಕು. ಹಲವು ಕಡೆ ಕೊಳ್ಳುವ ಕಂಪನಿಯವರೇ ಹುಡುಗರನ್ನು ಕಳಿಸಿ, ಮೊಬೈಲಿನಲ್ಲಿ ತೋಟ ಸುತ್ತಿಸಿ, ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಒಯ್ಯುತ್ತಾರೆ. ಬೆಳೆಗಾರನ ಕೈಯಲ್ಲಿ ಒಂದು ಪ್ರತಿಯೂ ಉಳಿಯುವುದಿಲ್ಲ. ಮುಂದಿನ ವರ್ಷ ಬೇರೊಬ್ಬರಿಗೆ ಮಾರಬೇಕೆಂದರೆ ಮತ್ತೆ ಮೊದಲಿನಿಂದ. ಹೀಗಾದರೆ ವರದಿಯಿಂದ ಹುಟ್ಟಿದ ಬೆಲೆಯೆಲ್ಲ ಕಂಪನಿಗೆ, ಬೆಳೆಗಾರನಿಗೆ ಕಟ್ಟು. ಸಂಘದ ಕಪಾಟಿನಲ್ಲಿ ಪುಸ್ತಕ ಇದ್ದು, ಪ್ರತಿಯೊಂದು ಸಲ ಹೊರಗೆ ಕೊಡುವಾಗಲೂ ಸದಸ್ಯರ ಸಹಿ ಬೇಕು, ಯಾರಿಗೆ ಕೊಟ್ಟೆವು ಎಂಬುದು ಪುಸ್ತಕದಲ್ಲೇ ನಮೂದಾಗಬೇಕು ಎಂಬುದು ಆಡಳಿತ ಮಂಡಳಿ ಸಭೆಯ ಮುಂದಿಡುವ ಠರಾವಿನ ತಿರುಳು. ಸಣ್ಣ ಬೆಳೆಗಾರ ಒಬ್ಬನೇ ತಪಾಸಕರನ್ನು ಕರೆಸಿದರೆ ಅವರ ಶುಲ್ಕ ಭತ್ಯೆಯಲ್ಲೇ ಲಾಭ ಮುಗಿಯುತ್ತದೆ. ಗುಂಪಾಗಿ ಒಳತಪಾಸಣೆ ಇಟ್ಟುಕೊಂಡರೆ ಹೊರಗಿನವರು ಕೆಲವು ತೋಟಗಳನ್ನು ಮಾತ್ರ ನೋಡಿ ಹೋಗುತ್ತಾರೆ, ಖರ್ಚು ಎಲ್ಲರ ಮೇಲೆ ಹಂಚಿಹೋಗುತ್ತದೆ.

ಹಣದ ಅಂದಾಜಿಗೆ ಒಂದು ಲೆಕ್ಕ. ಫೇರ್‌ಟ್ರೇಡ್ ಪದ್ಧತಿಯಲ್ಲಿ 2023ರ ಆಗಸ್ಟ್‌ನಿಂದ ತೊಳೆದ ಅರೇಬಿಕಾಕ್ಕೆ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ, ಅದರ ಮೇಲೆ 20 ಸೆಂಟ್ ಪ್ರೀಮಿಯಂ. 2025ರ ಆರಂಭದಲ್ಲಿ ನ್ಯೂಯಾರ್ಕ್ ಮಾರುಕಟ್ಟೆ 4 ಡಾಲರ್ ದಾಟಿದಾಗ ಆ ಕನಿಷ್ಠ ಬೆಲೆಯನ್ನು ಕೇಳುವವರೇ ಇರಲಿಲ್ಲ. ಬೆಲೆ ಬಿದ್ದ ವರ್ಷಕ್ಕೆ ಅದು ಕೊಡೆ. ಪ್ರೀಮಿಯಂ ಮಾತ್ರ ಎರಡೂ ಕಾಲಕ್ಕೆ ಇದೆ, ಕಿಲೋಗೆ ಸುಮಾರು 44 ಸೆಂಟ್. ಅದು ಸಂಘಕ್ಕೆ ಬರುತ್ತದೆ, ಹೇಗೆ ಖರ್ಚು ಮಾಡಬೇಕೆಂದು ಸದಸ್ಯರೇ ತೀರ್ಮಾನಿಸಬೇಕು. ಎಲ್ಲ ಮುದ್ರೆಗಳೂ ಹೀಗಿಲ್ಲ. ಕೆಲವು ಮುದ್ರೆಗಳಲ್ಲಿ ಹೆಚ್ಚುವರಿ ಹಣ ಎಷ್ಟೆಂಬುದು ಕೊಳ್ಳುವವರ ಜೊತೆಗಿನ ಮಾತಿನ ಮೇಲೆ ನಿಂತಿದೆ, ಮಾತಿಗೆ ಕೂರುವಾಗ ಕೈಯಲ್ಲಿ ಪುಸ್ತಕ ಇರುವವರ ದನಿ ಬೇರೆ. ಇನ್ನೊಂದು ಸಂಗತಿಯೂ ನಮ್ಮ ಕಡೆಗಿದೆ. ಸೆಬಿಯ ನಮೂನೆಯಲ್ಲಿ, ಕಂಪನಿಯು ಕೊಂಡ ಕಚ್ಚಾ ಮಾಲಿನಲ್ಲಿ ಸಣ್ಣ ಉದ್ದಿಮೆ ಮತ್ತು ಸಣ್ಣ ಉತ್ಪಾದಕರಿಂದ ನೇರವಾಗಿ ಕೊಂಡದ್ದು ಶೇಕಡಾ ಎಷ್ಟು ಎಂಬ ಪ್ರಶ್ನೆ ಇದೆ. ಹತ್ತು ಎಕರೆಯ ಬೆಳೆಗಾರನಿಂದ ಕೊಂಡದ್ದು ಕಂಪನಿಯ ವರದಿಯಲ್ಲಿ ಹೇಳಿಕೊಳ್ಳುವ ವಿಷಯವೇ. ಇದನ್ನು ನಾವು ದರ ಮಾತನಾಡುವಾಗ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಅಡಿಕೆ ಸದಸ್ಯರು, ನಮಗೇನು ಎಂದು ಕೇಳಬಹುದು. ಅಡಿಕೆ ಐರೋಪ್ಯ ನಿಯಮದಲ್ಲಿ ಇಲ್ಲ. ಆದರೆ ಅಡಿಕೆ ಮರಗಳ ನಡುವೆ ಕೋಕೋ ಹಾಕಿದವರ ಕೋಕೋ ಅದರಲ್ಲಿದೆ. ಚಾಕಲೇಟು, ಕೋಕೋ ಬೆಣ್ಣೆಯಾಗಿ ಹೊರದೇಶಕ್ಕೆ ಹೋಗುವಾಗ ಪ್ರಶ್ನೆ ಬಂದೇ ಬರುತ್ತದೆ. ಇನ್ನು ಅಡಿಕೆಗೇ ಬಂದರೆ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ಯಾವ ಜವಾಬ್ದಾರಿ ವರದಿಯೂ ಅದನ್ನು ಮುಚ್ಚಲಾರದು, ಮುಚ್ಚಲೂ ಬಾರದು. ಅಡಿಕೆಯವರಿಗೆ ಪುಸ್ತಕದ ಲಾಭ ಸದ್ಯಕ್ಕೆ ಮನೆಯೊಳಗಿನದೇ: ಬೋರ್ಡೋ ದ್ರಾವಣ ಯಾವ ತಾರೀಖಿಗೆ ಎಷ್ಟು ಸಲ ಹೊಡೆದೆ, ಮೈಲುತುತ್ತ ಎಷ್ಟು ಹೋಯಿತು, ಕೊನೆಗಾರರಿಗೆ ಎಷ್ಟು ಕೊಟ್ಟೆ, ಕೊಳೆಗೆ ಎಷ್ಟು ಉದುರಿತು ಎಂಬುದು ನಾಲ್ಕು ಮಳೆಗಾಲ ಒಂದರ ಕೆಳಗೊಂದು ಬರೆದಿದ್ದರೆ, ಎರಡನೆಯ ಮದ್ದು ತಡವಾದ ವರ್ಷದ ನಷ್ಟ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೆಲಸದವರ ವಿಷಯವನ್ನು ಇನ್ನೊಂದು ಸಂಚಿಕೆಗೆ ಇಡುತ್ತೇನೆ. ಹಾಜರಿ ಪುಸ್ತಕ ಮತ್ತು ಕೂಲಿ ಬಟವಾಡೆ ಪುಸ್ತಕ ಸರಿಯಾಗಿ ಇರುವವರು ಅದರಲ್ಲಿ ಅರ್ಧ ದಾರಿ ಬಂದಂತೆ.

ಪುಸ್ತಕದ ಮಾದರಿ ಪ್ರತಿ ಸಂಘದ ಕಛೇರಿಯಲ್ಲಿದೆ. ಹನ್ನೆರಡೇ ಪುಟ, ಕನ್ನಡದಲ್ಲಿದೆ, ಸೀಸದಕಡ್ಡಿಯಲ್ಲಿ ಬರೆಯಬಾರದು. ಬೇಡವೆನಿಸಿದ ಕಾಲಂಗಳನ್ನು ಸದಸ್ಯರು ಗುರುತುಮಾಡಿ ಸಭೆಯ ಮೊದಲೇ ತಂದುಕೊಟ್ಟರೆ ತೆಗೆದುಹಾಕಲು ಅಡ್ಡಿಯಿಲ್ಲ. ಪಹಣಿ ಇನ್ನೂ ತೀರಿಹೋದವರ ಹೆಸರಿನಲ್ಲಿರುವ ಸದಸ್ಯರು ಸಭೆಗೆ ಕಾಯದೆ, ವಂಶವೃಕ್ಷ ಮತ್ತು ಇರುವ ಕಾಗದಪತ್ರಗಳ ಸಮೇತ ಯಾವುದಾದರೂ ಸಂತೆ ದಿನ ಮಧ್ಯಾಹ್ನದೊಳಗೆ ಕಛೇರಿಗೆ ಬರುವುದು. ಪೌತಿ ಖಾತೆಯ ಅರ್ಜಿ ಬರೆದುಕೊಡುವ ಏರ್ಪಾಡು ಮಾಡಲಾಗಿದೆ.